ಎಮ್ಮೆ ಬಸ್ಸು ಹತ್ತಿದ ದಿನ

ಕುರುಗೋಡು ಬಸ್‌ಸ್ಟ್ಯಾಂಡಿನ ಗೋಡೆಗೆ ಒಂದು ಕರಿಹಲಗೆ ಇದೆ. ಅದರ ನೆತ್ತಿಯ ಮೇಲೆ ‘ಇತಿಹಾಸದಲ್ಲಿ ಈ ದಿನ’ ಎಂದು ಬಿಳಿ ಬಣ್ಣದಲ್ಲಿ ಕಾಯಂ ಆಗಿ ಬರೆಸಿದ್ದಾರೆ. ಕೆಳಗಿನದನ್ನು ನಿವೃತ್ತ ಮುಖ್ಯೋಪಾಧ್ಯಾಯ ಕೊಟ್ರಬಸಪ್ಪನವರು ದಿನಾ ಬೆಳಿಗ್ಗೆ ಆರೂವರೆಗೆ ಬಂದು ಸೀಮೆಸುಣ್ಣದಲ್ಲಿ ತುಂಬುತ್ತಾರೆ. ಇಪ್ಪತ್ನಾಲ್ಕು ವರ್ಷವಾಯಿತು, ಒಂದು ದಿನ ತಪ್ಪಿಸಿದವರಲ್ಲ. ಕೊರೊನಾ ಕಾಲದಲ್ಲಿ ಬಸ್ಸೂ ಇರಲಿಲ್ಲ, ಓದುವವರೂ ಇರಲಿಲ್ಲ. ಆಗಲೂ ಬಂದು, ಬರೆದು, ಪೊಲೀಸರಿಂದ ಬೈಸಿಕೊಂಡು ಮನೆಗೆ ಹೋದವರು. ಮೇ ಇಪ್ಪತ್ತೊಂಬತ್ತು ಎಂದರೆ ಎವರೆಸ್ಟ್ ಹತ್ತಿದ್ದು, ಜೂನ್ ಹದಿನೆಂಟು ಎಂದರೆ ವಾಟರ್ಲೂ ಕದನ. ಜನ ಬಳ್ಳಾರಿ ಬಸ್ಸಿಗೆ ಕಾಯುತ್ತ ಅದನ್ನು ಓದುತ್ತಾರೆ, ಬಸ್ಸು ಬಂದ ಕೂಡಲೇ ಮರೆಯುತ್ತಾರೆ. ಮೇಷ್ಟ್ರಿಗೆ ಅಷ್ಟು ಸಾಕು.

ಹಲಗೆಗೆ ಎರಡೇ ನಿಯಮ. ಘಟನೆ ಗಮನಾರ್ಹವಾಗಿರಬೇಕು, ಮತ್ತು ಅದು ನಡೆದಿರಬೇಕು. ಎರಡನೆಯದನ್ನು ಬೇರೆ ಹೇಳಬೇಕೇ ಎಂದು ನೀವು ಕೇಳಬಹುದು. ಹೇಳಬೇಕು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಹನುಮೇಶ್ ಒಮ್ಮೆ ಬಂದು, “ಸಾರ್, ನಮ್ಮ ಬೋರ್‌ವೆಲ್ ಆರ್ನೂರು ಅಡಿ ಹೋದ್ರೂ ನೀರು ಬೀಳ್ಲಿಲ್ಲ. ಇವತ್ತಿಗೆ ಒಂದು ವರ್ಷ ಆತು, ಹಲಗಿ ಮ್ಯಾಲೆ ಬರೀರಿ,” ಎಂದು ಗಂಟುಬಿದ್ದಿದ್ದ.

“ಆಗದೇ ಹೋದದ್ದು ಇತಿಹಾಸ ಅಲ್ಲಪಾ,” ಎಂದಿದ್ದರು ಮೇಷ್ಟ್ರು. “ಅದನ್ನೆಲ್ಲಾ ಬರಕೋತ ನಿಂತ್ರ ಹಲಗಿ ಸಾಲಂಗಿಲ್ಲ.”

ತಾರೀಖಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಮನುಷ್ಯ ತಮ್ಮ ನೌಕರಿಯ ಕಾಲದಲ್ಲಿ ಮಾಡಿಟ್ಟ ಕೆಲಸವೊಂದಿದೆ. ಅದನ್ನು ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಆಗ ಮಕ್ಕಳನ್ನು ಶಾಲೆಗೆ ಸೇರಿಸಲು ಬಂದವರಿಗೆ ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ. ಯಾವಾಗ ಹುಟ್ಟಿದ ಎಂದರೆ “ಶೇಂಗಾ ಕೀಳಾಗ್ರಿ” ಎನ್ನುತ್ತಿದ್ದರು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು. ಇನ್ನು ತಿಂಗಳು, ತಾರೀಖು? ಶಾಲೆ ಶುರುವಾಗುವುದು ಜೂನ್ ಒಂದಕ್ಕೆ. ಹಾಗಾಗಿ ಜೂನ್ ಒಂದು. ಹೀಗೆ ಸಿರುಗುಪ್ಪ, ಕುರುಗೋಡು ಸುತ್ತಿನ ಎರಡು ತಲೆಮಾರು ಒಂದೇ ದಿನ ಹುಟ್ಟಿತು. ಸ್ವತಃ ಮೇಷ್ಟ್ರು ಹುಟ್ಟಿದ್ದೂ ಜೂನ್ ಒಂದಕ್ಕೇ; ಅವರಿಗೂ ಒಬ್ಬ ಮೇಷ್ಟ್ರು ಇದ್ದರಲ್ಲ.

ಜೂನ್ ಒಂದಕ್ಕೆ ಹುಟ್ಟಿದ ಸರ್ಕಾರಿ ನೌಕರ ಅರವತ್ತು ತುಂಬುವ ಮುನ್ನಾದಿನ, ಮೇ ಮೂವತ್ತೊಂದರಂದು, ಮನೆಗೆ ಹೋಗಬೇಕು. ಈ ವರ್ಷ ಬಳ್ಳಾರಿಯ ಒಂದೇ ಕಚೇರಿಯಲ್ಲಿ ಹನ್ನೊಂದು ಜನ ಒಟ್ಟಿಗೆ ನಿವೃತ್ತರಾದರು. ಒಂಬತ್ತು ಜನ ಕೊಟ್ರಬಸಪ್ಪನವರ ಪೆನ್ನಿನಿಂದ ಹುಟ್ಟಿದವರು. ಆ ಒಂಬತ್ತರಲ್ಲಿ ಒಬ್ಬಳು ಅವರ ಸ್ವಂತ ಮಗಳು, ಸೂಪರಿಂಟೆಂಡೆಂಟ್ ಶೈಲಜಾ. ಸಮಾರಂಭಕ್ಕೆ ಮೇಷ್ಟ್ರನ್ನೇ ಮುಖ್ಯ ಅತಿಥಿಯಾಗಿ ಕರೆದರು.

ಕಲ್ಯಾಣ ಮಂಟಪ ಕಿಕ್ಕಿರಿದಿತ್ತು. ಊರಿನ ಎಲ್ಲ ಇಲಾಖೆಗಳೂ ಅದೇ ದಿನ ಖಾಲಿಯಾಗುತ್ತಿದ್ದರಿಂದ ಅಂಗಡಿಗಳಲ್ಲಿ ಶಾಲು ಮುಗಿದು, ಸಂಘಟಕರಿಗೆ ಸಿಕ್ಕಿದ್ದು ಹತ್ತೇ. ಶೈಲಜಾ ಕೊನೆಯಲ್ಲಿ ಕುಳಿತಿದ್ದಳು. ಅವಳ ಹೆಗಲಿಗೆ ಪಕ್ಕದವರ ಶಾಲಿನ ಅರ್ಧ ತುದಿ ಹೊದಿಸಿ ಫೋಟೋ ತೆಗೆದರು. ನಿರೂಪಕ ಮೊದಲನೆಯವರ ಪರಿಚಯ ಓದಿದ: “ಶ್ರೀಯುತರು ಸಾವಿರದ ಒಂಬೈನೂರಾ ಅರವತ್ತೈದನೇ ಇಸವಿ ಜೂನ್ ಒಂದರಂದು ಜನಿಸಿ...” ಪೂರ್ತಿ ಓದಿ, ನೀರು ಕುಡಿದು, “ಉಳಿದ ಹತ್ತು ಮಂದಿಯದೂ ಹೀಗೆಯೇ,” ಎಂದು ಕುಳಿತುಬಿಟ್ಟ. ಜನ ಚಪ್ಪಾಳೆ ಹೊಡೆದರು.

ಮೇಷ್ಟ್ರು ಮಾತಾಡಲು ಎದ್ದಾಗ ಖುಷಿಯಲ್ಲಿ ಉಬ್ಬಿದ್ದರು. “ಇವರಿಗೆಲ್ಲಾ ಜನ್ಮ ಕೊಟ್ಟಾವ ನಾನು,” ಎಂದರು. ಸಭೆ ಬಿದ್ದುಬಿದ್ದು ನಕ್ಕಿತು. ಶೈಲಜಾ ಮಾತ್ರ ಎದ್ದು ಬಂದು ಇನ್ನೊಂದು ಮೈಕು ಹಿಡಿದಳು.

“ಅಪ್ಪಾ, ನಾ ಖರೆ ಹುಟ್ಟಿದ್ದು ಎಂದು?”

ಮೇಷ್ಟ್ರು ನಗುತ್ತಲೇ, “ಜೂನ್ ಒಂದು!” ಎಂದರು. ಸಭೆ ಮತ್ತೆ ನಕ್ಕಿತು.

“ಸೀತನಿ ತಿನ್ನೋ ಕಾಲ ಇತ್ತು, ಚಳಿ ಇತ್ತು ಅಂತ ಅವ್ವ ಹೇಳ್ತಿದ್ಲು. ಜೂನಿನಾಗ ಎಳೀ ಜ್ವಾಳ ಎಲ್ಲೈತಿ? ಎವರೆಸ್ಟ್ ಹತ್ತಿದ್ದು ಗೊತ್ತೈತಿ ನಿನಗ. ನಾ ಹುಟ್ಟೋವಾಗ ಅಜ್ಜನ ಮನಿ ಕಟ್ಟೀ ಮ್ಯಾಲೆ ಚಪ್ಪಲಿ ಸವಿಯೋ ತನಕ ತಿರುಗಾಡೀನಿ ಅಂತ ನೂರು ಸಲ ಹೇಳೀದಿ. ಅಷ್ಟು ತಿರುಗಾಡಿದವಗ ತಾರೀಖು ನೆನಪಿಲ್ಲೇನು?”

ಮೇಷ್ಟ್ರು ಬಾಯಿ ತೆರೆದರು. ತಲೆಯೊಳಗೆ ಮುನ್ನೂರ ಅರವತ್ತಾರು ದಿನಗಳ ಲಕ್ಷಾಂತರ ಘಟನೆಗಳು ಸಾಲಾಗಿ ನಿಂತಿದ್ದವು, ಇದೊಂದು ಇರಲಿಲ್ಲ. ನಿರೂಪಕ ಸಮಯಪ್ರಜ್ಞೆಯಿಂದ ವಂದನಾರ್ಪಣೆ ಶುರುಮಾಡಿದ.

ಅವತ್ತಿನಿಂದ ಶೈಲಜಾ ಅಪ್ಪನ ಜೊತೆ ಮಾತು ಬಿಟ್ಟಳು. ತಾರೀಖು ಹೇಳಿದ ದಿನ ಮಾತಾಡಿಸುವುದಾಗಿ ಗಂಡ ಸಿದ್ದಲಿಂಗೇಶನ ಮೂಲಕ ತಿಳಿಸಿದಳು. ಮೂವರೂ ಒಂದೇ ಮನೆಯಲ್ಲಿದ್ದದ್ದರಿಂದ ಸಿದ್ದಲಿಂಗೇಶನ ಪಾಡು ನಾಯಿಪಾಡಾಯಿತು. ಊಟಕ್ಕೆ ಕುಳಿತರೆ ಅಪ್ಪ, ಮಗಳ ನಡುವೆ ಒಂದು ಮೊಳದ ಅಂತರ. ಆದರೂ ಅವಳು, “ಕೇಳ್ರಿ, ಅವರಿಗೆ ಇನ್ನೊಂದು ರೊಟ್ಟಿ ಬೇಕೇನು,” ಎನ್ನುವಳು. ಸಿದ್ದಲಿಂಗೇಶ್ ತುತ್ತು ನುಂಗಿ, “ಮಾವಾರೇ, ಇನ್ನೊಂದು ರೊಟ್ಟಿ ಬೇಕೇನ್ರಿ,” ಎನ್ನುವನು. ಮೇಷ್ಟ್ರು, “ಅರ್ಧ ಸಾಕು ಅಂತ ಹೇಳ್ರಿ,” ಎನ್ನುವರು. ಅವನು ಒಂದು ಮದುವೆಗೆಂದು ಎರಡು ದಿನ ಊರಿಗೆ ಹೋದಾಗ ಶೈಲಜಾ ಫ್ರಿಜ್ಜಿನ ಕಡೆ ತಿರುಗಿ, “ಮಜ್ಜಿಗಿ ಬೇಕೇನು ಕೇಳು,” ಎಂದಳು. ಫ್ರಿಜ್ಜು ಕೇಳಲಿಲ್ಲ. ಮೇಷ್ಟ್ರು ಎರಡು ದಿನ ಮಜ್ಜಿಗೆ ಇಲ್ಲದೆ ಉಂಡರು.

ನೋಡಿದವರಿಗೆ ತಮಾಷೆ. ಮೇಷ್ಟ್ರಿಗೆ ಅಲ್ಲ. ಹೆಂಡತಿ ವಿರೂಪಮ್ಮ ತೀರಿಹೋದ ಮೇಲೆ ‘ಅಪ್ಪಾ’ ಎಂದು ಕರೆಯುವ ಆ ಒಂದು ದನಿಯ ಆಸರೆಯಲ್ಲೇ ಅವರು ಬದುಕಿದ್ದರು. ಎಂಬತ್ತೆರಡು ವರ್ಷದ ಮನುಷ್ಯ ಇನ್ನೆಷ್ಟು ದಿನ ಕಾಯಬಲ್ಲ? ಹುಡುಕಬೇಕು ಎಂದು ಹೊರಟರು.

ಶೈಲಜಾ ಮೊದಲ ಮಗು. ಪದ್ಧತಿಯಂತೆ ಹೆರಿಗೆ ಆದದ್ದು ತಾಯಿಯ ತವರಾದ ಸಿರುಗುಪ್ಪದಲ್ಲಿ. ಹೆರಿಗೆ ಮಾಡಿಸಿದ ಹಂಪಕ್ಕ ಅಲ್ಲಿಯೇ ಕಾಲುವೆ ಕಡೆಯ ಓಣಿಯಲ್ಲಿ ಇನ್ನೂ ಗಟ್ಟಿಯಾಗಿದ್ದಳು. ತೊಂಬತ್ತಕ್ಕೆ ಎರಡೋ ಮೂರೋ ಕಡಿಮೆ. ಮೇಷ್ಟ್ರು ಬಸ್ಸು ಹಿಡಿದು ಹೋದಾಗ ಹೊಸ್ತಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು.

“ಹಂಪಕ್ಕಾ, ನಮ್ಮ ಶೈಲಾ ಹುಟ್ಟಿದ್ದು ಎಂದು? ಸ್ವಲ್ಪ ನೆನಪು ಮಾಡ್ರಿ.”

“ನೆನಪು ಮಾಡೂದೇನೈತ್ರಿ? ಎಮ್ಮಿ ಬಸ್ ಹತ್ತಿದ ದಿನ.”

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಏನು ಬರೆಯುವುದೋ ತಿಳಿಯದೆ ಮತ್ತೆ ಮುಚ್ಚಿದರು. “ತಾರೀಖು?”

“ಎಮ್ಮಿಗೆ ಯಾವ ತಾರೀಖು ಇದ್ದೀತ್ರಿ? ಬೆಳಿಗ್ಗಿ ಬಳ್ಳಾರಿ ಬಸ್ ಬಾಗಲಾ ತಕ್ಕೊಂಡು ನಿಂತಿತ್ತು. ನಾಯಿ ಅಟ್ಟಿಸ್ಕೊಂಡು ಬಂತು ಅಂತ ಒಂದು ಎಮ್ಮಿ ಮೆಟ್ಲಾ ಹತ್ತಿ ಒಳಗ ಹೊಕ್ಕೊಂಡು, ಸೀಟಿನ ನಡುವ ಸಿಕ್ಕೊಂಡು ನಿಂತುಬಿಡ್ತು. ಮುಂದ ಹೋಗವಲ್ದು, ಹಿಂದ ಬರವಲ್ದು. ಇಳಿಸಾಕ ಒಂದು ತಾಸು ಆತು. ಮಧ್ಯಾಹ್ನ ಅಕ್ಕಿ ಮಿಲ್ಲಿನ ಸಿಳ್ಳಿ ಮೊಟ್ಟಮೊದಲ ಸಲ ಕೂಗ್ತು. ಆ ಸಪ್ಪಳಕ್ಕ ಬೆದರಿ ನಿಮ್ಮ ಮಗಳು ಹೊರಗ ಬಂದ್ಲು. ಸಂಜಿಕ ನಮ್ಮ ಓಣಿ ಓಬಣ್ಣ ಹುಟ್ಟಿದ. ಒಂದ ದಿನ ಎಷ್ಟು ಕೆಲಸ ಅಂತೀರಿ, ನಾ ಉಂಡಿದ್ದಿಲ್ಲ.”

ಮೇಷ್ಟ್ರ ಎದೆ ಹಿಗ್ಗಿತು. ಒಂದೇ ತಾರೀಖಿನ ನಾಲ್ಕು ಘಟನೆಗಳು! ಇದು ಅವರ ಕ್ಷೇತ್ರ. ಒಂದರ ತಾರೀಖು ಸಿಕ್ಕರೂ ನಾಲ್ಕೂ ಸಿಕ್ಕಂತೆ. ಎಮ್ಮೆಯನ್ನು ಸದ್ಯಕ್ಕೆ ಬದಿಗಿಟ್ಟು ಓಬಣ್ಣನ ಮನೆಗೆ ನಡೆದರು.

ಓಬಣ್ಣ ಕಚೇರಿಯೊಂದರಲ್ಲಿ ಅಟೆಂಡರ್ ಆಗಿದ್ದು ಹೋದ ವರ್ಷವೇ ನಿವೃತ್ತನಾದವನು. ಕೈಗಳು ಮೊಣಕಾಲಿಗೆ ಮುಟ್ಟುವಷ್ಟು ಉದ್ದ. ಕೇಳಿದ ಕೂಡಲೇ ಟ್ರಂಕಿನಿಂದ ಶಾಲೆಯ ಸರ್ಟಿಫಿಕೇಟು ತೆಗೆದುಕೊಟ್ಟ. ಅದರಲ್ಲಿ ದುಂಡಗಿನ ಅಕ್ಷರದಲ್ಲಿ 1-6-1964 ಎಂದಿತ್ತು.

“ಇದು ಯಾರು ಬರದದ್ದು?” ಎಂದು ಮೇಷ್ಟ್ರು ರೇಗಿದರು.

“ನೀವ ಬರದೀರಿ ಸಾರ್. ಕೆಳಗ ನಿಮ್ಮ ಸೈನ್ ಐತಿ ನೋಡ್ರಿ.”

ಇತ್ತು. “ಅಲ್ಲಪಾ, ನೀನು, ನಮ್ಮ ಶೈಲಾ ಒಂದ ದಿನ ಹುಟ್ಟಿದವ್ರು. ಅಕಿದು ಅರವತ್ತೈದು, ನಿಂದು ಅರವತ್ನಾಲ್ಕು ಹೆಂಗಾತು?”

“ನನ್ನ ಕೈ ಕಿವಿ ದಾಟಿ ಭುಜಕ್ಕ ಮುಟ್ಟಿತ್ತು ಸಾರ್. ‘ಇಂವ ಏಳು ವರ್ಷದವ’ ಅಂತ ಒಂದು ವರ್ಷ ಹೆಚ್ಚಿಗಿ ಹಾಕಿದ್ರಿ. ಅದಕ್ಕ ಅಕ್ಕಾರಿಗಿಂತ ಒಂದು ವರ್ಷ ಮೊದಲ ಮನಿಗೆ ಬಂದೀನಿ.” ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ತನ್ನ ಕೈಗಳನ್ನೇ ನೋಡಿಕೊಂಡು, “ನಿಮ್ಮ ತಪ್ಪಲ್ಲ ಬಿಡ್ರಿ,” ಎಂದ. ಮೇಷ್ಟ್ರು ಅವನು ಕೊಟ್ಟ ಚಹಾ ಕುಡಿಯಲಾರದೆ ಎದ್ದರು.

ಉಳಿದದ್ದು ಮಿಲ್ಲು. ಮಾಲೀಕ ಚನ್ನಬಸವರಾಜ ಆದರದಿಂದ ಬರಮಾಡಿಕೊಂಡು ಫ್ಯಾನ್ ಹಾಕಿದ. ಅವನ ತಲೆಯ ಹಿಂದೆ, ದೇವರ ಪಟಗಳ ನಡುವೆ, ಹಿತ್ತಾಳೆಯ ಫಲಕವೊಂದು ತೂಗುತ್ತಿತ್ತು. ‘ಸ್ಥಾಪನೆ: 1-6-1966’.

“ಮತ್ತ ಜೂನ್ ಒಂದು!” ಎಂದು ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. “ಇದು ಖರೆ ತಾರೀಖೇನು?”

“ಖರೆ ತಾರೀಖು ಯಾರಿಗೆ ಗೊತ್ರಿ? ಹೊಳಿ ನೀರು ಬಂದಾಗ ಅಪ್ಪನ ಕಾಗದಪತ್ರ ಎಲ್ಲಾ ಹೋದ್ವು. ಹೊಸಾದು ಮಾಡಿಸಾಕ ಹೋದ್ರ ಗುಮಾಸ್ತ ತಾರೀಖು ಬೇಕ ಬೇಕು ಅಂದ. ನಾವು ಗೊತ್ತಿಲ್ಲ ಅಂದ್ವಿ. ‘ಹಂಗಾದ್ರ ಜೂನ್ ಒಂದು ಬರೀತೀನಿ, ನಮ್ಮ ಮೇಷ್ಟ್ರು ಹಂಗ ಮಾಡ್ತಿದ್ರು’ ಅಂದ.” ಚನ್ನಬಸವರಾಜ ಕೈಮುಗಿದ. “ಭಾಳ ಅನುಕೂಲ ಆತ್ರಿ ನಮಗ.”

ಮೇಷ್ಟ್ರು ಹೊರಗೆ ಬಂದು ಮಿಲ್ಲಿನ ಮುಂದೆ ಬತ್ತದ ಚೀಲಗಳ ಮೇಲೆ ಕುಳಿತರು. ಮೂವತ್ತೆಂಟು ವರ್ಷ ತಾವೇ ಇಟ್ಟಿಗೆ ಇಟ್ಟು ಕಟ್ಟಿದ ಗೋಡೆ. ಎತ್ತ ಹೋದರೂ ಅದಕ್ಕೇ ಹಣೆ ತಾಗುತ್ತಿತ್ತು. ಒಂದು ಮಗುವಿನ ತಾರೀಖಾದರೂ ಸರಿಯಾಗಿ ವಿಚಾರಿಸಿ ಬರೆಯಬಾರದಾಗಿತ್ತೇ ಎಂದು ತಮ್ಮನ್ನೇ ಬೈದುಕೊಂಡರು. ಮಗಳನ್ನು ಶಾಲೆಗೆ ಸೇರಿಸಿದ ದಿನ ಸಾಲಿನಲ್ಲಿ ಅರವತ್ನಾಲ್ಕು ಮಕ್ಕಳಿದ್ದವು. ಅವಳು ಎಲ್ಲರಂತೆ ಕೈ ಹಾಯಿಸಿ ಕಿವಿ ಮುಟ್ಟಿದ್ದಳು, ಅವರು ಎಲ್ಲರಂತೆ ಬರೆದಿದ್ದರು. ಮುಖ ಎತ್ತಿ ನೋಡಿದ ನೆನಪೂ ಅವರಿಗಿರಲಿಲ್ಲ.

ಉಳಿದದ್ದು ಎಮ್ಮೆಯೊಂದೇ. ಬಿಸಿಲಲ್ಲಿ ಮತ್ತೆ ಹಂಪಕ್ಕನ ಹೊಸ್ತಿಲಿಗೆ ಹೋದರು.

“ಹಂಪಕ್ಕಾ, ನನಗೂ ಆ ದಿನ ನೆನಪೈತಿ, ಆದ್ರ ಮಬ್ಬು. ನಾ ಕಟ್ಟೀ ಮ್ಯಾಲೆ ತಿರುಗಾಡ್ತಿದ್ದೆ. ಮಿಲ್ಲಿನ ಸಿಳ್ಳಿ ಕೇಳಿದ್ದ ನೆನಪಿಲ್ಲ ನೋಡ್ರಿ.”

ಹಂಪಕ್ಕ ಅಕ್ಕಿಯ ಮೊರ ಕೆಳಗಿಟ್ಟಳು. “ಎಲ್ಲಿ ಕಟ್ಟಿ? ನೀವು ಅವತ್ತು ಸಿರುಗುಪ್ಪದಾಗ ಇರ್ಲೇ ಇಲ್ಲ.”

“ಇದ್ದೆ. ಚಪ್ಪಲಿ ಸವದಿದ್ವು.”

“ಬರೋ ದಿನ ಬಸ್ ತಪ್ಪಿಸ್ಕೊಂಡು ಅರ್ಧ ದಾರಿ ನಡಕೋತ ಬಂದಿದ್ರಿ, ಅದಕ್ಕ ಸವದಿರಬೇಕು. ನೀವು ಬಂದದ್ದು ಶನಿವಾರ. ಐದನೇ ದಿನದ ಶಾಸ್ತ್ರ ಮುಗದು ಮರುದಿನ.”

“ಆರನೇ ದಿನವೇನು?” ಎಂದರು ಮೇಷ್ಟ್ರು, ಲೆಕ್ಕದ ಮೇಷ್ಟ್ರಂತೆಯೇ.

“ನೀವು ರೂಪನಗುಡಿ ಸಾಲ್ಯಾಗ ಇದ್ರಿ. ವಿರೂಪಮ್ಮಗ ಬ್ಯಾನಿ ಹೆಚ್ಚಾತು, ಕೂಸು ಅಡ್ಡ ಆಗಿತ್ತು. ‘ಅವ್ರನ್ನ ಕರಸ್ರಿ’ ಅಂತ ಅಕಿ ಅಳಾಕ ಹತ್ತಿದ್ಲು. ಬಳ್ಳಾರಿ ಬಸ್ಸಿನ ಕಂಡಕ್ಟರ್ ಪಕ್ಕೀರಪ್ಪನ ಕೈಯಾಗ ಚೀಟಿ ಕೊಟ್ವಿ. ಅಂವ ಮರುದಿನ ಬಂದು ಹೇಳಿದ, ‘ಇನ್‌ಸ್ಪೆಕ್ಟರ್ ಸಾಹೇಬ್ರು ಬಂದಾರ, ಈಗ ಬರಾಕ ಆಗಂಗಿಲ್ಲ ಅಂದ್ರು’ ಅಂತ.” ಹಂಪಕ್ಕ ಅವರ ಮುಖವನ್ನೇ ನೋಡಿದಳು. “ಅಂವಗ ಎಮ್ಮಿ ಅಡ್ಡ ಬಂದಿತ್ತು. ಆದ್ರೂ ಚೀಟಿ ಮುಟ್ಟಿಸಿದ. ನಿಮಗೇನು ಅಡ್ಡ ಬಂದಿತ್ರಿ, ಮೇಷ್ಟ್ರೇ?”

ಮೇಷ್ಟ್ರು ಎದ್ದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಆ ಕಟ್ಟೆಯನ್ನು ನೆನಪಿಸಿಕೊಳ್ಳಲು ನೋಡಿದರು. ಕಟ್ಟೆ ಬರಲಿಲ್ಲ. ಬಂದದ್ದು ತರಗತಿ, ಮುರಿದ ಸೀಮೆಸುಣ್ಣ, ಬಾಗಿಲಲ್ಲಿ ಖಾಕಿ ಅಂಗಿಯ ಒಬ್ಬ. ಇಡೀ ಜಗತ್ತಿನ ತಾರೀಖುಗಳನ್ನು ಸರಿಯಾಗಿ ಬರೆದುಕೊಂಡು ಬಂದವರು ತಮ್ಮ ಮನೆಯ ಒಂದೇ ಒಂದು ದಿನವನ್ನು ಸುಳ್ಳು ಮಾಡಿ ಇಟ್ಟುಕೊಂಡಿದ್ದರು. ಹೇಳಿ ಹೇಳಿ ತಾವೂ ನಂಬಿದ್ದರು.

ಇನ್‌ಸ್ಪೆಕ್ಟರು ಬಂದಿದ್ದರೆಂದರೆ ಶಾಲೆಯ ಭೇಟಿ ಪುಸ್ತಕದಲ್ಲಿ ಬರೆದಿರಲೇಬೇಕು. ಮರುದಿನ ಮೇಷ್ಟ್ರು ಬಳ್ಳಾರಿಯಲ್ಲಿ ಬಸ್ಸು ಬದಲಿಸಿ ರೂಪನಗುಡಿಗೆ ಹೋದರು. ಮುಖ್ಯೋಪಾಧ್ಯಾಯಿನಿ ಸಂಘಮಿತ್ರಾ ಮೂವತ್ತೈದರ ಚುರುಕು ಹೆಣ್ಣುಮಗಳು. ಹಳೆಯ ಶಿಕ್ಷಕರು ಬಂದರೆಂದು ಸಂಭ್ರಮಪಟ್ಟು ಕಬ್ಬಿಣದ ಪೆಟ್ಟಿಗೆ ಇಳಿಸಿದಳು. ಜಿರಲೆ ತಿಂದ ಅಂಚಿನ ಪುಸ್ತಕವೊಂದು ಸಿಕ್ಕಿತು. ಮೇಷ್ಟ್ರ ಕಣ್ಣು ಮಂಜಾಗಿದ್ದರಿಂದ ಅವಳೇ ಓದಿದಳು.

“ದಿನಾಂಕ 24-1-66. ಶಾಲೆಗೆ ಭೇಟಿ ನೀಡಲಾಯಿತು. ಹಾಜರಾತಿ ಮೂವತ್ತೊಂದು. ಸಹಶಿಕ್ಷಕ ಶ್ರೀ ಕೊಟ್ರಬಸಪ್ಪನವರು, ತಮ್ಮ ಪತ್ನಿಯ ಹೆರಿಗೆ ಕಠಿಣವಾಗಿದೆ ಎಂಬ ಸುದ್ದಿ ತಲುಪಿದಾಗ್ಯೂ, ಹೋಗಲು ನಾನು ಅನುಮತಿ ನೀಡಿದಾಗ್ಯೂ, ಭಾಗಾಕಾರದ ಪಾಠವನ್ನು ಮುಂದುವರಿಸಿದರು. ಇವರ ಕರ್ತವ್ಯನಿಷ್ಠೆ ಗಮನಾರ್ಹ.”

ಅವಳು ತಲೆ ಎತ್ತಿದಳು. ಕಣ್ಣು ಹೊಳೆಯುತ್ತಿದ್ದವು. “ಎಂಥಾ ನಿಷ್ಠೆ ಸಾರ್! ನಾಳೆ ಪ್ರಾರ್ಥನಾದಾಗ ಮಕ್ಕಳಿಗೆ ಓದಿ ಹೇಳ್ತೀನಿ.”

“ಬ್ಯಾಡಮ್ಮಾ,” ಎಂದರು ಮೇಷ್ಟ್ರು. “ದಯವಿಟ್ಟು ಹೇಳಬ್ಯಾಡ. ನನಗೊಂದು ಜೆರಾಕ್ಸ್ ಮಾಡಿಸಿ ಕೊಡು.”

ಜನವರಿ ಇಪ್ಪತ್ನಾಲ್ಕು. ಆ ದಿನವನ್ನು ಅವರು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲರು. 1950ರಲ್ಲಿ ‘ಜನ ಗಣ ಮನ’ ರಾಷ್ಟ್ರಗೀತೆಯಾದದ್ದು ಅಂದೇ. 1966ರಲ್ಲಿ ದೇಶದ ಮೊದಲ ಮಹಿಳಾ ಪ್ರಧಾನಿ ಪ್ರಮಾಣ ವಚನ ಸ್ವೀಕರಿಸಿದ್ದು, ಆಲ್ಪ್ಸ್ ಪರ್ವತದಲ್ಲಿ ನಮ್ಮ ವಿಮಾನ ಬಿದ್ದು ದೊಡ್ಡ ವಿಜ್ಞಾನಿಯೊಬ್ಬರನ್ನು ಕಳೆದುಕೊಂಡದ್ದು, ಎರಡೂ ಅಂದೇ. ಇತ್ತೀಚಿನ ವರ್ಷಗಳಲ್ಲಿ ರಾಷ್ಟ್ರೀಯ ಹೆಣ್ಣುಮಕ್ಕಳ ದಿನವೂ ಅಂದೇ. ವರ್ಷವರ್ಷವೂ ಹಲಗೆಯಲ್ಲಿ ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ‘ಹೆಣ್ಣುಮಕ್ಕಳ ದಿನ’ ಎಂದು ಬರೆದು, ಕೈ ಝಾಡಿಸಿ, ಮನೆಗೆ ಬಂದು, ಮಗಳು ಮಾಡಿದ ಉಪ್ಪಿಟ್ಟು ತಿಂದಿದ್ದರು. ಆ ವಾರದ ಬುಧವಾರ ಗಣರಾಜ್ಯೋತ್ಸವ. ಧ್ವಜ ಕಟ್ಟಲು, ಆಮೇಲೆ ಪಾಠ ಮುಗಿಸಲು ತಾವೇ ಬೇಕೆಂದು ಶನಿವಾರದವರೆಗೆ ನಿಂತದ್ದೂ ಈಗ ನೆನಪಾಯಿತು. ಯಾರೂ ನಿಲ್ಲಲು ಹೇಳಿರಲಿಲ್ಲ.

ವಾಪಸು ಬರುವಾಗ ಜೇಬಿನಲ್ಲಿದ್ದ ಜೆರಾಕ್ಸ್ ಪ್ರತಿಯನ್ನು ಹತ್ತು ಸಲ ಮುಟ್ಟಿ ನೋಡಿದರು. ಹರಿದು ಕಿಟಕಿಯಿಂದ ಎಸೆದುಬಿಡಬಹುದಾಗಿತ್ತು. ತಾರೀಖು ಸಿಕ್ಕಿತು, ಹಂಪಕ್ಕನಿಗೆ ನೆನಪಾಯಿತು ಎಂದರೆ ಮುಗಿಯಿತು. ಮಗಳು ಮಾತಾಡಿಸುತ್ತಾಳೆ, ಕಟ್ಟೆಯ ಕತೆಯೂ ಉಳಿಯುತ್ತದೆ, ಸವೆದ ಚಪ್ಪಲಿಯೂ ಉಳಿಯುತ್ತದೆ. ಆ ಕತೆಯೆಂದರೆ ಅವಳಿಗೆ ಚಿಕ್ಕಂದಿನಿಂದ ಪ್ರಾಣ. ಅದನ್ನು ಕಿತ್ತುಕೊಂಡು ಬರೀ ತಾರೀಖು ಕೊಡುವುದು ಯಾವ ನ್ಯಾಯ? ಕತೆ ಉಳಿಸಿ ತಾರೀಖು ಕೊಡುವುದು ಮಾತ್ರ ಯಾವ ನ್ಯಾಯ? ಕುರುಗೋಡಿನ ಗುಡ್ಡ ಕಾಣುವವರೆಗೂ ಇದೇ ತಿಕ್ಕಾಟ.

ಊಟಕ್ಕೆ ಕುಳಿತಾಗ ಶೈಲಜಾ ಗಂಡನ ಕಡೆ ತಿರುಗಿದಳು. “ಕೇಳ್ರಿ, ಎರಡು ದಿನದಿಂದ ಎಲ್ಲಿ ತಿರುಗಾಕ ಹತ್ಯಾರ ಅಂತ. ಬಿಸಿಲಿಗೆ ಬಿದ್ದುಗಿದ್ದರ ಯಾರು ನೋಡೋರು?”

“ಮಾವಾರೇ, ಎರಡು ದಿನದಿಂದ ಎಲ್ಲಿ...”

“ಕೇಳಿಸ್ತು,” ಎಂದರು ಮೇಷ್ಟ್ರು. ಜೇಬಿಗೆ ಕೈ ಹೋಯಿತು, ಅಲ್ಲಿಯೇ ನಿಂತಿತು. “ನಾಳೆ ಮುಂಜಾನೆ ಹಲಗಿ ನೋಡಾಕ ಬರಬೇಕು ಅಂತ ಹೇಳ್ರಿ.”

ಮರುದಿನ ಜೂನ್ ಹದಿನೆಂಟು. ಮೇಷ್ಟ್ರು ಆರೂವರೆಗೆ ಹಲಗೆಯ ಮುಂದೆ ನಿಂತರು. ವಾಟರ್ಲೂ ಬರೆಯಬೇಕಾಗಿತ್ತು. ನೆಪೋಲಿಯನ್ ಒಂದು ವರ್ಷ ಸೋಲದಿದ್ದರೆ ಏನೂ ಮುಳುಗುವುದಿಲ್ಲ ಎಂದುಕೊಂಡು ಹಲಗೆ ಒರೆಸಿ, ದಪ್ಪ ಅಕ್ಷರದಲ್ಲಿ ‘ಜನವರಿ 24’ ಎಂದು ಬರೆದರು. ಜನವರಿಯವರೆಗೆ ಕಾಯುವ ಧೈರ್ಯ ಅವರಿಗಿರಲಿಲ್ಲ.

ಬಸ್‌ಸ್ಟ್ಯಾಂಡು ಕಲಕಿಹೋಯಿತು. ಇಪ್ಪತ್ನಾಲ್ಕು ವರ್ಷದಿಂದ ತಪ್ಪದ ಹಲಗೆ. ಜನ ತಮ್ಮನ್ನೇ ಅನುಮಾನಿಸಿದರು. ಸಿರುಗುಪ್ಪ ಬಸ್ಸಿನ ಡ್ರೈವರ್ ಮೊಬೈಲ್ ತೆಗೆದು ತಾರೀಖು ನೋಡಿ, ಮೊಬೈಲೇ ಕೆಟ್ಟಿದೆಯೆಂದು ಕಂಡಕ್ಟರನದನ್ನು ಕೇಳಿದ. ಒಬ್ಬ ಮುದುಕ ಹೆಗಲ ಮೇಲಿದ್ದ ಟವೆಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡ. ಹನುಮೇಶ್ ಚಹಾದ ಜಾಲರಿ ಹಿಡಿದುಕೊಂಡೇ ಓಡಿಬಂದ. “ಸಾರ್, ಇವತ್ತು ಜೂನ್ ಹದಿನೆಂಟ್ರಿ!”

“ಗೊತ್ತೈತಿ,” ಎಂದು ಮೇಷ್ಟ್ರು ಬರೆಯುತ್ತಲೇ ಹೋದರು. ರಾಷ್ಟ್ರಗೀತೆ, ಪ್ರಧಾನಿ, ವಿಮಾನ ಯಾವುದೂ ಇರಲಿಲ್ಲ. ಮೂರೇ ಸಾಲು.

‘1966: ಸಿರುಗುಪ್ಪದಲ್ಲಿ ಎಮ್ಮೆಯೊಂದು ಬಸ್ಸು ಹತ್ತಿತು.
ಅದೇ ದಿನ ಮಧ್ಯಾಹ್ನ ಶೈಲಜಾ ಹುಟ್ಟಿದಳು.
ಕರೆದರೂ ಅವಳ ಅಪ್ಪ ಹೋಗಲಿಲ್ಲ.’

ತಿರುಗಿದರೆ ಶೈಲಜಾ ನಿಂತಿದ್ದಳು. ತಲೆ ಬಾಚಿಕೊಂಡಿರಲಿಲ್ಲ. ಮೇಷ್ಟ್ರು ಜೇಬಿನಿಂದ ಕಾಗದ ತೆಗೆದು ಕೊಟ್ಟರು. ಅವಳು ಇನ್‌ಸ್ಪೆಕ್ಟರ್ ಬರೆದದ್ದನ್ನು ಓದಿದಳು, ಹಲಗೆ ಓದಿದಳು, ಮತ್ತೆ ಕಾಗದ ಓದಿದಳು. ಬಳ್ಳಾರಿ ಬಸ್ಸು ಬಂದು ಹಾರ್ನ್ ಹೊಡೆಯಿತು, ಯಾರೂ ಹತ್ತಲಿಲ್ಲ.

ಅವಳು ಯಾರನ್ನೂ ನೋಡದೆ, ಹಲಗೆಗೆ ಹೇಳುವಂತೆ ಹೇಳಿದಳು: “ಕಟ್ಟಿ? ಚಪ್ಪಲಿ?”

“ಸುಳ್ಳು ಶೈಲಾ. ನಾನೂ ಖರೇನ ಅಂತ ನಂಬಿದ್ದೆ.” ಮೇಷ್ಟ್ರು ಸೀಮೆಸುಣ್ಣವನ್ನು ಬೆರಳ ನಡುವೆ ಹೊರಳಿಸಿದರು. “ಶನಿವಾರ ಬಂದೆ. ಆರನೇ ದಿನ.”

“ಆಗದೇ ಹೋದದ್ದು ಇತಿಹಾಸ ಅಲ್ಲ ಅಂತ ಈ ಊರಿಗೆಲ್ಲಾ ಹೇಳ್ಕೋತ ಬಂದವ್ರು ಯಾರು?”

“ನಾನ. ನನ್ನ ಮನ್ಯಾಗಿನ ದೊಡ್ಡ ಇತಿಹಾಸ ಇದ ಐತಿ, ಏನು ಮಾಡ್ಲಿ?”

ಹನುಮೇಶನಿಗೆ ಇದ್ದಕ್ಕಿದ್ದಂತೆ ಬಾಯಿ ಬಂತು. “ಹಂಗಾದ್ರ ಸಾರ್, ನಮ್ಮ ಬೋರ್‌ವೆಲ್...” ಎಂದು ಶುರುಮಾಡಿದವನನ್ನು ಡ್ರೈವರ್ ಮೊಣಕೈಯಿಂದ ತಿವಿದ.

ಶೈಲಜಾ ಅಪ್ಪನ ಬೆರಳ ನಡುವಿನಿಂದ ಸೀಮೆಸುಣ್ಣ ತೆಗೆದುಕೊಂಡಳು. ಮೂರನೆಯ ಸಾಲನ್ನು ಅಳಿಸುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅಳಿಸಲಿಲ್ಲ. ಅದರ ಕೆಳಗೆ, ಅಪ್ಪನ ಅಕ್ಷರಕ್ಕಿಂತ ಸ್ವಲ್ಪ ಸಣ್ಣದಾಗಿ, ‘ಶನಿವಾರ ಬಂದ’ ಎಂದು ಸೇರಿಸಿದಳು. ಕೈಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಮನೆಯ ದಾರಿ ಹಿಡಿದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು.

“ಬಾ, ಬಿಸಿಲು ಏರೂದರೊಳಗ. ಮಜ್ಜಿಗಿ ಮಾಡಿಟ್ಟೀನಿ.”

ಮೇಷ್ಟ್ರು ಎಡಬಲ ನೋಡಿದರು. ಅಳಿಯ ಎಲ್ಲೂ ಇರಲಿಲ್ಲ. ಅವಳು ಹೇಳಿದ್ದು ತಮಗೇ.